ತಾರಾಬಾಯಿಯವರ ಹೇರಳ ಅವಕಾಶಗಳು

ಮಾನ್ಯ ಪರಿಶೀಲನಾಧಿಕಾರಿಗಳ ಸನ್ನಿಧಿಗೆ,
ಅವಕಾಶವಂಚಿತರ ನೇಮಕಾತಿ ಪ್ರೋತ್ಸಾಹ ಕೋಶ,
ಚಿಕ್ಕೋಡಿ.

ವಿಷಯ: ಕಾಜಾ ಕೆಲಸದ ತಾರಾಬಾಯಿಯವರಿಗೆ ಅವಕಾಶಗಳು ಅಗತ್ಯಕ್ಕಿಂತ ಹೆಚ್ಚಾಗಿವೆ ಎಂದು ತಾವು ಕಂಡುಹಿಡಿದಿರುವ ಬಗ್ಗೆ.

ಮಾನ್ಯರೇ,

ತಮ್ಮ ಕಚೇರಿಯ ಮೆಟ್ಟಿಲುಗಳಿಗೆ, ಮೆಟ್ಟಿಲ ಪಕ್ಕದ ನೀರಿನ ಟಾಕಿಗೆ, ಆ ಟಾಕಿಗೆ ಸರಪಳಿಯಿಂದ ಬಿಗಿದ ಲೋಟಕ್ಕೆ ಮತ್ತು ಕೊನೆಯಲ್ಲಿ ಸಾಕ್ಷಾತ್ ತಮಗೆ, ಸದಲಗಾದಲ್ಲಿ ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುವ ಒಂದು ತಗಡಿನ ಶೆಡ್ಡಿನ ಕಾರಕೂನನಾದ ಸಮ್ಮೇದ ಉಪಾಧ್ಯೆ ಸಲ್ಲಿಸುವ ನಮಸ್ಕಾರಗಳು. ಇದನ್ನು ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕ್ಷಮೆ ಇರಲಿ. ಲಕೋಟೆಯೊಳಗಿಟ್ಟು ಕಳಿಸಿದ ಎರಡು ಪತ್ರಗಳು ಸಂಬಂಧಪಟ್ಟ ವಿಭಾಗಕ್ಕೆ ಹೋಗಿವೆಯೆಂದು ತಿಳಿದುಬಂದಿದೆ. ಆ ವಿಭಾಗ ಯಾವುದೆಂದು ಮಾತ್ರ ತಮ್ಮ ಕಚೇರಿಯಲ್ಲಿ ಯಾರಿಗೂ ತಿಳಿದಿಲ್ಲ. ತೆರೆದ ಪತ್ರವನ್ನಾದರೂ ದಾರಿಯಲ್ಲಿ ಯಾರಾದರೂ ಓದುತ್ತಾರೆ.

ಮೊದಲು ತಮ್ಮ ಯೋಜನೆಯನ್ನು ಹೊಗಳಬೇಕು, ಅದು ನನ್ನ ಕರ್ತವ್ಯ. ನಲವತ್ತೈದು ದಾಟಿದ, ಎರಡು ವರ್ಷಕ್ಕೂ ಮೇಲ್ಪಟ್ಟು ಕೆಲಸವಿಲ್ಲದೆ ಕೂತ, ಓದು ಅರ್ಧಕ್ಕೆ ನಿಂತ ವ್ಯಕ್ತಿಯನ್ನು ಯಾವ ಮಾಲೀಕ ಕೆಲಸಕ್ಕಿಟ್ಟುಕೊಳ್ಳುತ್ತಾನೋ ಅವನು ಆ ಪಗಾರದ ಒಂದು ಪಾಲನ್ನು ಮೂರು ವರ್ಷಗಳ ಕಾಲ ತನ್ನ ತೆರಿಗೆಯಲ್ಲಿ ಕಡಿತ ಮಾಡಿಕೊಳ್ಳಬಹುದು ಎಂಬ ಆ ಉಪಕಲಮು ಎಂಥದು! ಮನುಷ್ಯನಿಗೆ ಮನುಷ್ಯನನ್ನು ತೋರಿಸಲು ಎಲ್ಲ ಧರ್ಮಗಳೂ ಸೇರಿ ಇಷ್ಟು ಕಾಲ ಹೆಣಗಿದ್ದನ್ನು ತಾವು ಎರಡೂವರೆ ಸಾಲಿನಲ್ಲಿ ಮುಗಿಸಿದ್ದೀರಿ. ನಮ್ಮ ಮಾಲೀಕರಾದ ಬಾಪುಸಾಹೇಬರು ಒಳ್ಳೆಯವರು, ದಿನವೂ ಬಸದಿಗೆ ಹೋಗುವವರು, ದಾರಿಯಲ್ಲಿ ಇರುವೆ ಸಾಲು ಕಂಡರೆ ಕಾಲೆತ್ತಿ ದಾಟುವವರು. ಆದರೂ ತಾರಾಬಾಯಿ ಎರಡು ವರ್ಷ ಅವರ ಶೆಡ್ಡಿನ ಮುಂದೆಯೇ ಕೆಲಸ ಕೇಳುತ್ತ ತಿರುಗುತ್ತಿದ್ದದ್ದು ಅವರ ಕಣ್ಣಿಗೆ ಬಿದ್ದಿರಲಿಲ್ಲ. ಉಪಕಲಮು ಜಾರಿಗೆ ಬಂದ ವಾರದಲ್ಲೇ ಬಿತ್ತು.

ತೆರಿಗೆಯ ರಿಯಾಯಿತಿಗೆ ನಮ್ಮ ಗಡಿಯಲ್ಲಿ ಮರಾಠಿಯ ‘ಸೂಟ’ ಎಂಬ ಮಾತೇ ರೂಢಿ. "ಸರಕಾರದಿಂದ ಸೂಟ ಬರಾಕತ್ತೈತಿ" ಎಂದು ಬಾಪುಸಾಹೇಬರು ಶೆಡ್ಡಿನಲ್ಲಿ ಸಾರಿದಾಗ ಕಾಲರ್ ಹೊಲಿಯುವ ಪೂನಮ ಟೇಪನ್ನು ಕೊರಳಿಗೆ ಹಾಕಿಕೊಂಡು ಎದ್ದು, "ಎಷ್ಟ ಮಂದೀವ್ರಿ ಮಾಲಕ್ರ? ಅಳತಿ ಯಾವಾಗ ತಗೋಳೂದ್ರಿ?" ಎಂದು ಕೇಳಿದ್ದಳು. ನಾವೆಲ್ಲ ನಕ್ಕೆವು. ಒಂದು ಮಾತು ಎರಡು ಭಾಷೆಗಳ ನಡುವೆ ಜಾರಿ ಬಿದ್ದಾಗ ನಗುವುದು ನಮಗೆ ಚಿಕ್ಕಂದಿನಿಂದ ಅಭ್ಯಾಸ. ಹಾಗೆ ಬಿದ್ದದ್ದಕ್ಕೆ ಪೆಟ್ಟಾಗಬಹುದೆಂದು ನನಗಂತೂ ಆಗ ಹೊಳೆದಿರಲಿಲ್ಲ.

ತಾರಾಬಾಯಿಗೆ ಐವತ್ತೊಂದು. ಇಪ್ಪತ್ತಾರು ವರ್ಷ ನಿಪ್ಪಾಣಿಯ ಗುತ್ತಿಗೆದಾರನೊಬ್ಬನಿಗೆ ಮನೆಯಲ್ಲೇ ಕೂತು ಬೀಡಿ ಸುತ್ತಿಕೊಟ್ಟರು. ಗಂಡ ತೀರಿಕೊಂಡ ವರ್ಷವೂ ಸುತ್ತಿದರು. ಆಮೇಲೆ ಒಂದು ದಿನ ಅವನು ಎಲೆ ತಂಬಾಕು ಕೊಡುವುದನ್ನು ನಿಲ್ಲಿಸಿದ. ಕಾರಣ ಕೇಳಿದರೆ ಮಂದಿ ಬೀಡಿ ಸೇದುವುದನ್ನು ಬಿಟ್ಟಿದ್ದಾರೆ ಎಂದನಂತೆ. ಜಗತ್ತು ಆರೋಗ್ಯವಂತವಾಗುವಾಗ ಯಾರಾದರೂ ಒಬ್ಬರು ಮನೆಯಲ್ಲಿ ಕೂರಲೇಬೇಕಾಗುತ್ತದೆ. ಎರಡೂವರೆ ವರ್ಷ ಕೂತರು. ನಮ್ಮಲ್ಲಿಗೆ ಬಂದ ಮೇಲೆ ಅದೇ ಬೆರಳುಗಳು ಕಾಜಾ ಕಲಿತವು. ಅಂಗಿಯ ಗುಂಡಿ ತೂರಲು ಬಟ್ಟೆಯಲ್ಲಿ ಒಂದು ಸೀಳು ಮಾಡಿ, ಅದು ಹರಿಯದಂತೆ ಅಂಚಿನ ಸುತ್ತ ದಾರ ಕಟ್ಟುವುದೇ ಕಾಜಾ. ಹರಿದದ್ದಕ್ಕೆ ಒಂದು ಮರ್ಯಾದೆ ತರುವ ಕೆಲಸ ಎಂದು ನಾನು ಒಮ್ಮೆ ಹೇಳಿದ್ದಕ್ಕೆ ತಾರಾಬಾಯಿ ನನ್ನನ್ನು ನೋಡಿ, "ಸಮ್ಮೇದಣ್ಣಾ, ನೀವು ಊಟಾ ಮಾಡೀರಿಲ್ಲೋ?" ಎಂದಿದ್ದರು.

ಇನ್ನು ತಮ್ಮ ಭೇಟಿಯ ವಿಷಯಕ್ಕೆ ಬರುತ್ತೇನೆ. ಆ ಸುಡುಬಿಸಿಲಿನಲ್ಲಿ ತಾವೇ ಖುದ್ದಾಗಿ ಬಂದಿರಿ, ನಮ್ಮ ಚಹಾವನ್ನು ಲಂಚವೆಂದು ಭಾವಿಸಿ ನಿರಾಕರಿಸಿದಿರಿ, ಕುರ್ಚಿಯನ್ನು ಮಾತ್ರ ಸ್ವೀಕರಿಸಿದಿರಿ. ತಮ್ಮ ಕೈಯ ಟ್ಯಾಬು ಪ್ರತಿ ಪ್ರಶ್ನೆಗೂ ‘ಹೌದು’ ಇಲ್ಲವೇ ‘ಇಲ್ಲ’ ಎಂಬ ಎರಡೇ ಉತ್ತರಗಳನ್ನು ಒಪ್ಪುತ್ತದೆಂದು ತಾವೇ ಹೆಮ್ಮೆಯಿಂದ ತೋರಿಸಿದಿರಿ. ಇಡೀ ಮಾನವ ಜನಾಂಗದ ಕಷ್ಟವನ್ನು ಎರಡು ಚೌಕಗಳಲ್ಲಿ ತುಂಬಬಲ್ಲ ಯಂತ್ರವನ್ನು ನಾನು ಮೊದಲ ಸಲ ಕಂಡದ್ದು. ‘ಅರ್ಜಿದಾರರು ಅವಕಾಶವಂಚಿತರೇ?’ ಎಂಬ ಅರ್ಜಿಯ ನುಡಿ ತಾರಾಬಾಯಿಗೆ ಕಠಿಣವಾದೀತೆಂಬ ಕಳಕಳಿಯಿಂದ ತಾವು ಅದನ್ನು ತಿಳಿಗನ್ನಡಕ್ಕೆ ಇಳಿಸಿ, "ಅಮ್ಮಾ, ನಿಮಗೆ ಅವಕಾಶಗಳು ಸಿಕ್ಕಿಲ್ಲ, ಅಲ್ಲವೇ?" ಎಂದು ಕೇಳಿದಿರಿ.

ತಾರಾಬಾಯಿ ಸೆರಗು ಸರಿಮಾಡಿಕೊಂಡು, ಸಂದರ್ಶನದಲ್ಲಿ ಹೇಗೆ ಉತ್ತರಿಸಬೇಕೋ ಹಾಗೆ, ಗಟ್ಟಿ ದನಿಯಲ್ಲಿ ಹೇಳಿದರು: "ಅವಕಾಶಕ್ಕೇನ ಕಮ್ಮಿ ಐತ್ರಿ ಸಾಹೇಬ್ರ? ಭರಪೂರ ಐತಿ! ಬೀಡಿ ನಿಂತಿಂದ ಎರಡೂವರಿ ವರ್ಷ ಮುಂಜಾನಿಂದ ಸಂಜೀತನಾ ಅವಕಾಶನ ಅವಕಾಶ. ಈಗೂ ಐತ್ರಿ. ಹೇಳ್ರಿ, ಐತವಾರನೂ ಬರ್ತೀನಿ."

ತಾವು ‘ಇಲ್ಲ’ ಎಂಬ ಚೌಕವನ್ನು ಒತ್ತಿದಿರಿ.

ಮಾನ್ಯರೇ, ಅವರ ಮನೆಯ ಮಾತು ಕನ್ನಡ, ಪಾಟಿಯ ಮೇಲಿನ ಅಕ್ಷರ ಮರಾಠಿ. ಏಳನೆಯ ಇಯತ್ತೆಯವರೆಗೆ ಮರಾಠಿ ಶಾಲೆಯಲ್ಲಿ ಕಲಿತವರು. ಅಡುಗೆಮನೆಯಲ್ಲಿ ಸಿಗುವ ಎಲ್ಲ ಶಬ್ದಗಳೂ ಅವರಿಗೆ ಕನ್ನಡದಲ್ಲಿವೆ, ಪುಸ್ತಕದಲ್ಲಿ ಸಿಗುವವೆಲ್ಲ ಮರಾಠಿಯಲ್ಲಿವೆ. ‘ಅವಕಾಶ’ ಅಡುಗೆಮನೆಯಲ್ಲಿ ಸಿಗುವ ಪದಾರ್ಥವಲ್ಲ. ಮರಾಠಿಯ ಅವಕಾಶವೆಂದರೆ ಬಿಡುವು, ಪುರುಸೊತ್ತು. ನಿನಗೆ ಪುರುಸೊತ್ತು ಸಿಕ್ಕಿಲ್ಲ ತಾನೇ ಎಂದು ಸರಕಾರ ಕೇಳಿದಾಗ, ಕೈಯಲ್ಲಿರುವ ಕೆಲಸವನ್ನು ಉಳಿಸಿಕೊಳ್ಳಬೇಕಾದ ಹೆಂಗಸು, ಇದೆ ಸ್ವಾಮಿ, ಬೇಕಾದಷ್ಟಿದೆ, ಭಾನುವಾರವೂ ಇದೆ ಎನ್ನದೆ ಇನ್ನೇನು ಎಂದಾಳು? ಶೆಡ್ಡಿನಲ್ಲಿ ಆಮೇಲೆ ಇದರ ಚರ್ಚೆಯಾದಾಗ ವಿಜ್ಞಾನ ಓದಿದ ಪೂನಮ ಮೂರನೆಯ ಅರ್ಥವೊಂದನ್ನೂ ಹೇಳಿದಳು. ಅವಳ ಮರಾಠಿ ಪುಸ್ತಕದಲ್ಲಿ ಅವಕಾಶವೆಂದರೆ ರಾಕೆಟ್ಟು ಹೋಗುವ ಅಂತರಿಕ್ಷ. ಆ ಪ್ರಕಾರ ಬಾಪುಸಾಹೇಬರು, ನಾನು, ತಾವು, ತಮ್ಮ ಮೇಲಧಿಕಾರಿಗಳು ಎಲ್ಲರೂ ಖಚಿತವಾಗಿ ಅವಕಾಶವಂಚಿತರು. ತಮ್ಮ ಹೆಸರಿನಲ್ಲೂ ಒಂದು ಅರ್ಜಿ ತುಂಬಿಡಲು ನಾನು ಸಿದ್ಧನಿದ್ದೇನೆ.

ಇಲ್ಲಿ ಒಂದು ವಿಷಯವನ್ನು ನಿವೇದಿಸದಿದ್ದರೆ ಈ ದೂರು ಅಪೂರ್ಣವಾಗುತ್ತದೆ. ಆ ಹೊತ್ತಿನಲ್ಲಿ ತಮ್ಮ ಎಡಕ್ಕೆ, ಹಾಜರಿ ಪುಸ್ತಕ ಹಿಡಿದು ಒಬ್ಬ ಕನ್ನಡಕದ ಮನುಷ್ಯ ನಿಂತಿದ್ದದ್ದು ತಮಗೆ ನೆನಪಿರಬಹುದು, ಇಲ್ಲದಿರಬಹುದು. ಆತನಿಗೆ ಎರಡೂ ಭಾಷೆ ಬರುತ್ತದೆ. ಚಿಕ್ಕೋಡಿಯ ಛಾಪಖಾನೆಯೊಂದರಲ್ಲಿ ಹತ್ತೊಂಬತ್ತು ವರ್ಷ ಎರಡೂ ಭಾಷೆಗಳ ಕರಡು ತಿದ್ದಿದವನು. "ಸಾಹೇಬ್ರ, ಆಕಿ ಬಿಡುವು ಅಂತ ತಿಳಕೊಂಡಾಳ" ಎಂಬ ಒಂದು ಸಾಲು ಹೇಳಿದ್ದರೆ ಕೆಲಸ ಮುಗಿಯುತ್ತಿತ್ತು. ಅಷ್ಟು ಸಮಯವೂ ಇತ್ತು, ತಮ್ಮ ಟ್ಯಾಬು ನೆಟ್‌ವರ್ಕ್ ಹುಡುಕುತ್ತ ಸುತ್ತುತ್ತಿತ್ತು. ಆದರೆ ಅವನು ಆಗ, ಒಂದೇ ಶಬ್ದ ಹೊಳೆಯ ಈ ದಂಡೆಯಲ್ಲಿ ಬಾಗಿಲಾಗಿಯೂ ಆ ದಂಡೆಯಲ್ಲಿ ಜಗಲಿಯಾಗಿಯೂ ಇರುವುದು ಎಷ್ಟು ಚೆಂದ ಎಂದು ಯೋಚಿಸುತ್ತಿದ್ದ. ಹಾಜರಿ ಪುಸ್ತಕದ ಹಿಂದಿನ ಪುಟದಲ್ಲಿ ಪೆನ್ಸಿಲ್ಲಿನಿಂದ ಅದನ್ನು ಗುರುತು ಕೂಡ ಹಾಕಿಕೊಂಡ. ತಲೆ ಎತ್ತುವಷ್ಟರಲ್ಲಿ ತಾವು ಜೀಪು ಹತ್ತಿದ್ದಿರಿ. ಅವನ ವಿರುದ್ಧ ಯಾವ ಕಲಮಿನಡಿ ದೂರು ಕೊಡಬಹುದೆಂದು ದಯವಿಟ್ಟು ತಿಳಿಸಿ. ಅವನ ವಿಳಾಸ ಈ ಪತ್ರದ ಕೊನೆಯಲ್ಲಿದೆ.

ಹದಿನೈದು ದಿನಕ್ಕೆ ತಮ್ಮ ಆದೇಶ ಬಂತು. "ಅರ್ಜಿದಾರರು ತಮಗೆ ಹೇರಳ ಅವಕಾಶಗಳಿರುವುದಾಗಿ ಸ್ವಇಚ್ಛೆಯಿಂದ ಹೇಳಿಕೆ ನೀಡಿರುವುದರಿಂದ ಅರ್ಜಿಯನ್ನು ತಿರಸ್ಕರಿಸಲಾಗಿದೆ." ಓದಿ ಹೇಳುವ ಕೆಲಸ ನನ್ನದೇ ಆಗಿತ್ತು. ಮರಾಠಿಯಲ್ಲಿ ತಿರಸ್ಕಾರವೆಂದರೆ ಕಂಡರಾಗದಿರುವುದು, ಹೇಸಿಗೆ ಪಡುವುದು. ಕನ್ನಡದಲ್ಲೂ ಅದು ಅಂಥ ದೂರದ ಅರ್ಥವೇನಲ್ಲ. ತಾರಾಬಾಯಿ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, "ತಿರಸ್ಕಾರ? ನಾ ಅವ್ರಿಗೆ ಏನ ಮಾಡೀನ್ರೀ ಅಣ್ಣಾ? ಕೇಳಿದ್ದಕ್ಕ ಖರೇ ಹೇಳೀನಿ" ಎಂದರು. ಅದು ಆಡಳಿತದ ಮಾತು, ಮನಸ್ಸಿಗೆ ಹಚ್ಚಿಕೊಳ್ಳಬೇಡಿರಿ ಎಂದು ನಾನು ವಿವರಿಸಿದೆ. ವಿವರಿಸುವಾಗ ಹೊಳೆಯಿತು, ಈ ಸಲ ನಾನು ಬಾಯಿ ಬಿಟ್ಟದ್ದು ತಮ್ಮ ಪರವಾಗಿ.

ಬಾಪುಸಾಹೇಬರೂ ನೊಂದುಕೊಂಡರು. "ನಂದೇನ ತಾರಾಬಾಯಿ ಮ್ಯಾಲ ಸಿಟ್ಟಿಲ್ಲ ಸಮ್ಮೇದ, ಆದ್ರ ಸೂಟ ಇಲ್ಲದ ಹೆಂಗ ಇಟಗೊಳ್ಳೂದು? ಅಪೀಲಿಗೆ ಅರವತ್ತ ದಿನಾ ಕೊಟ್ಟಾರ. ಅಲ್ಲೀತನಾ ನಾನೂ ತಡೀತೀನಿ. ಅರವತ್ತೊಂದನೇ ದಿನಾ ಕಾಜಾ ಮಷೀನ ಬರತೈತಿ." ಈ ಯಂತ್ರದ ಬಗ್ಗೆ ನಾನು ಸ್ವಲ್ಪ ಓದಿಕೊಂಡೆ. ಅದಕ್ಕೂ ತೆರಿಗೆಯಲ್ಲಿ ಕಳೆಯುವಿಕೆ ಉಂಟು, ಹೆಸರು ಸವಕಳಿ. ಯಂತ್ರ ವರ್ಷ ವರ್ಷ ಎಷ್ಟು ಸವೆಯುತ್ತದೆಯೋ ಅಷ್ಟು ಮಾಲೀಕನಿಗೆ ಲಾಭ. ಬೀಡಿಯ ಕತ್ತರಿ ಹಿಡಿದು ಸವೆದ ತಾರಾಬಾಯಿಯ ಹೆಬ್ಬೆರಳನ್ನು ಆ ಪಟ್ಟಿಯಲ್ಲಿ ಹುಡುಕಿದೆ, ಇರಲಿಲ್ಲ. ಯಂತ್ರಕ್ಕೆ ಎರಡು ವರ್ಷ ಕೆಲಸವಿಲ್ಲದೆ ಕೂತಿರಬೇಕೆಂಬ ಷರತ್ತಿಲ್ಲ, ವಯಸ್ಸಿನ ದಾಖಲೆ ಬೇಡ, ಯಾವ ಅಧಿಕಾರಿಯೂ ಅದರೆದುರು ಕುರ್ಚಿ ಹಾಕಿಕೊಂಡು ಅದಕ್ಕೆ ಬದುಕಿನಲ್ಲಿ ಅವಕಾಶ ಸಿಕ್ಕಿತ್ತೋ ಎಂದು ವಿಚಾರಿಸುವುದಿಲ್ಲ. ಆದ್ದರಿಂದ ನನ್ನ ಮೊದಲ ಬೇಡಿಕೆ: ಅರವತ್ತೊಂದನೆಯ ದಿನ ತಾವು ಮತ್ತೊಮ್ಮೆ ಸದಲಗಾಕ್ಕೆ ದಯಮಾಡಿಸಿ, ಆ ಯಂತ್ರಕ್ಕೂ ತಿಳಿಗನ್ನಡದಲ್ಲಿ ಅದೇ ಪ್ರಶ್ನೆ ಕೇಳಿ, ಅದು ಉತ್ತರಿಸುವವರೆಗೆ ಕಾಯಬೇಕು.

ಅದಾಗದಿದ್ದರೆ ಎರಡು ರಾಜ್ಯಗಳ ನಡುವೆ ಹರಿಯುವ ದೂಧಗಂಗೆಯ ಸೇತುವೆಯ ಮೇಲೆ ಶಬ್ದಗಳಿಗೊಂದು ನಾಕಾ ಹಾಕಿಸಬೇಕು. ಹಾಲಿನ ಕ್ಯಾನು, ಕಬ್ಬಿನ ಟ್ರ್ಯಾಕ್ಟರು ಹೋಗಲಿ, ಅರ್ಥ ಬದಲಾಯಿಸುವ ಮಾತುಗಳನ್ನು ಮಾತ್ರ ಇಳಿಸಿ, ಗುರುತಿನ ಚೀಟಿ ನೋಡಿ, ಒಂದೊಂದಕ್ಕೂ ಒಂದೇ ಅರ್ಥವೆಂಬ ಮುಚ್ಚಳಿಕೆ ಬರೆಸಿಕೊಂಡು ಒಳಗೆ ಬಿಡಬೇಕು. ಅಲ್ಲಿ ಕೂರಲು ಎರಡೂ ಭಾಷೆ ಬಲ್ಲ, ಬಾಯಿ ಮುಚ್ಚಿಕೊಂಡಿರುವುದರಲ್ಲಿ ಅನುಭವವುಳ್ಳ ಒಬ್ಬ ಕಾರಕೂನ ಸಿಗುತ್ತಾನೆ.

ಇದೂ ಆಗದಿದ್ದರೆ ತಮ್ಮ ಆದೇಶದ ಕೊನೆಯ ಸಾಲನ್ನಾದರೂ ತಾವೇ ಒಮ್ಮೆ ಓದಬೇಕೆಂದು ಕೈಮುಗಿದು ಕೇಳುತ್ತೇನೆ. ಹಳೆಯ ಕರಡು ತಿದ್ದುವವನಿಗೆ ಒಂದು ಶಬ್ದ ತಡವಾಗಿ ಕಾಣುವುದು ನಾಚಿಕೆಗೇಡು, ಆದರೆ ಅರವತ್ತು ದಿನಗಳನ್ನು ಅಂದೇ ಕಂಡ ನನಗೆ ಅದರ ಪಕ್ಕದ ಶಬ್ದ ಕಂಡದ್ದು ನಿನ್ನೆ: "ಮೇಲ್ಮನವಿ ಸಲ್ಲಿಸಲು ತಮಗೆ ಅರವತ್ತು ದಿನಗಳ ಅವಕಾಶವಿರುತ್ತದೆ." ಮಾನ್ಯರೇ, ಈ ಅವಕಾಶ ಯಾವುದು? ದಿನಗಳಲ್ಲಿ ಅಳೆಯುವ ಅವಕಾಶ! ಇದು ತಾರಾಬಾಯಿಯ ಅವಕಾಶ. ಅವರು ಎರಡೂವರೆ ವರ್ಷವೆಂದು ಅಳೆದರು, ತಾವು ಅರವತ್ತು ದಿನವೆಂದು ಅಳೆದಿರಿ. ತಾವು ಬರೆದರೆ ಕನ್ನಡವಾಗುವ ಮಾತು ಅವರು ಆಡಿದರೆ ಅನರ್ಹತೆಯಾಗುವುದು ಹೇಗೆ? ತಮ್ಮ ಅರ್ಥವೇ ಸರಿಯೆಂದು ಹಿಡಿದರೂ ತೊಂದರೆ ತಪ್ಪಲಿಲ್ಲ: ಅರವತ್ತು ದಿನಗಳಷ್ಟು ಅವಕಾಶವನ್ನು ತಾವೇ ಕೊಟ್ಟಿರುವುದರಿಂದ ಅವರು ಅವಕಾಶವಂಚಿತರಲ್ಲ, ಆದ್ದರಿಂದ ಮೇಲ್ಮನವಿಗೂ ಅರ್ಹರಲ್ಲ. ಇಂಥ ಬಿಗಿಯಾದ ಕಾಜಾ ನಮ್ಮ ಶೆಡ್ಡಿನಲ್ಲಿ ಯಾರಿಗೂ ಹಾಕಲು ಬರುವುದಿಲ್ಲ. ಗುಂಡಿ ತೂರುವ ಜಾಗವನ್ನೇ ಹೊಲಿದುಬಿಟ್ಟಿದ್ದೀರಿ.

ಇಂದಿಗೆ ನಲವತ್ತೊಂದನೆಯ ದಿನ. ಇದನ್ನೇ ಮೇಲ್ಮನವಿಯೆಂದು ಸ್ವೀಕರಿಸಿ, ಮರು ಸಂದರ್ಶನಕ್ಕೆ ಒಂದು ದಿನ ಗೊತ್ತುಪಡಿಸಬೇಕು. ಆ ದಿನ ಹಾಜರಿ ಪುಸ್ತಕದವನು ಬಾಯಿ ತೆರೆಯುತ್ತಾನೆಂದು ನಾನು ಹೊಣೆ ಹೊರುತ್ತೇನೆ.

ಎರಡೂ ಭಾಷೆಗಳಲ್ಲಿ, ಎರಡೂ ಅರ್ಥಗಳಲ್ಲಿ,
ತಮ್ಮ ವಿಶ್ವಾಸಿ,
ಸಮ್ಮೇದ ಉಪಾಧ್ಯೆ
ಕಾರಕೂನ, ಸಮವಸ್ತ್ರದ ಶೆಡ್ಡು, ಸದಲಗಾ

ತಾ.ಕ.: ಈ ಪತ್ರ ಬರೆಯಲು ನನಗೆ ಮೂರು ಮಧ್ಯಾಹ್ನ ಹಿಡಿಯಿತು. ಅಷ್ಟರಲ್ಲಿ ತಾರಾಬಾಯಿ ಇನ್ನೂರು ಕಾಜಾ ಮುಗಿಸಿದರು, ತಮ್ಮ ಲೆಕ್ಕದಲ್ಲಿ ಅವು ಅವಕಾಶಗಳೋ ಏನೋ. ಬರೆದದ್ದನ್ನು ಅವರಿಗೆ ಮೊದಲಿನಿಂದ ಕೊನೆಯವರೆಗೆ ಓದಿ ಹೇಳಿದೆ, ಪೆನ್ಸಿಲ್ಲಿನ ಗುರುತಿನ ಸಂಗತಿಯನ್ನೂ ಬಿಡಲಿಲ್ಲ. ಅಲ್ಲಿಗೆ ಬಂದಾಗ ಅವರು ಕೈ ನಿಲ್ಲಿಸಿ ನನ್ನನ್ನು ಒಂದು ಗಳಿಗೆ ನೋಡಿದರು. ಆಮೇಲೆ ದಾರವನ್ನು ಹಲ್ಲಿನಿಂದ ಕಡಿದು, ಮುಂದಿನ ಅಂಗಿಯನ್ನು ಎಳೆದುಕೊಂಡು ಹೇಳಿದರು: "ಬರೀರಿ ಸಮ್ಮೇದಣ್ಣಾ, ಬರೀರಿ. ನಿಮಗ ಅವಕಾಶ ಐತಿ."