ಬೂರೆ ರಾತ್ರಿ ಕೂಗದ ಅಲಾರಂ

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕೂತಿದ್ದೇನೆ, ಪ್ರತಿ ಸಲವೂ ಏನೋ ಒಂದು ನೆವ ತೆಗೆದು ಎದ್ದಿದ್ದೇನೆ. ಒಮ್ಮೆ ಪೆನ್ನು ಸರಿ ಇರಲಿಲ್ಲ, ಒಮ್ಮೆ ಕನ್ನಡಕ. ಇವತ್ತು ದುರದೃಷ್ಟಕ್ಕೆ ಎರಡೂ ಸರಿಯಿವೆ!

ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕಿನಲ್ಲಿ ಅತಿ ಹೆಚ್ಚು ಕಟ್ಟಡಗಳಿಗೆ ಹಿಂಬಾಗಿಲಿನಿಂದ ನುಗ್ಗಿದ ಮನುಷ್ಯ ಯಾರು ಗೊತ್ತೇ? ನನ್ನ ಭಾವ, ತಂಗಿಯ ಗಂಡ. ನುಗ್ಗಿದ ಕಡೆಯೆಲ್ಲ ಚಹಾ ಕುಡಿದೇ ಬಂದಿದ್ದಾನೆ. ಅವನ ಕಸುಬು ಕಳ್ಳರ ಅಲಾರಂ ಕೂರಿಸುವುದು. ಕೂರಿಸಿದ ಮೇಲೆ ತಾನೇ ಕಳ್ಳನಾಗಿ ನುಗ್ಗಿ ನೋಡದಿದ್ದರೆ ಅವನಿಗೆ ಅನ್ನ ಸೇರುತ್ತಿರಲಿಲ್ಲ. ಅದು ಕೂಗತೊಡಗಿದರೆ ನಾವೆಲ್ಲ ಕಿವಿ ಮುಚ್ಚಿಕೊಂಡು ಓಡುತ್ತಿದ್ದೆವು. ಇವನು ಮಾತ್ರ ಏಣಿ ಹತ್ತಿ ಸೈರನ್ನಿಗೆ ಕಿವಿ ಹಚ್ಚಿ, ಸಂಗೀತ ಕೇಳುವವರ ಹಾಗೆ ತಲೆ ಆಡಿಸುತ್ತಿದ್ದ!

ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಅವನ ನಿಜವಾದ ಹುಚ್ಚು ಕರಾರುಪತ್ರ. ನಮ್ಮ ಕಡೆ ಕೆಲಸವೆಲ್ಲ ಬಾಯಿಮಾತಿನಲ್ಲೇ ಆಗುವುದು. ಕಾಗದ ತೆಗೆದರೆ ಮೋರೆಗೆ ಹೊಡೆದಂತೆ. ಇವನೋ, ಮನೆಯವರನ್ನೆಲ್ಲ ಜಗಲಿಯಲ್ಲಿ ಕೂರಿಸಿ, ಒಲೆ ಮುಂದಿನ ಹೆಂಗಸರನ್ನೂ ಕರೆಸಿ, ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದುತ್ತಿದ್ದ. “ಅಲಾರಂ ಕೂಗುತ್ತದೆ. ಕಳ್ಳನನ್ನು ಹಿಡಿಯುವುದಿಲ್ಲ. ಎದ್ದು ಹೋಗಿ ನೋಡುವುದು ಮಾಲೀಕರ ಕೆಲಸ.”

ಚಂದಗುಳಿ ಕಡೆಯ ಯಜಮಾನರೊಬ್ಬರಿಗೆ ಸಿಟ್ಟೇ ಬಂತು.

“ಎಂತಾ ಮಾರಾಯಾ, ನಂಗ್ಳ ಮೇಲೆ ನಂಬ್ಕೆ ಇಲ್ಯ?”

“ನಂಬ್ಕೆ ಇದ್ದು. ಇಪ್ಪಾಗ್ಲೇ ಬರ್ಕಂಬುದು ಚೊಲೊ. ಹೋದ್ಮೇಲೆ ಯಾರು ರುಜು ಹಾಕ್ತ?”

ಯಜಮಾನರು ರುಜು ಹಾಕಿದರು.

ಇನ್ನು ಅವನ ವಿಮೆ! ಲೋಕದವರು ತಮ್ಮ ಜೀವಕ್ಕೆ, ತಮ್ಮ ಬೈಕಿಗೆ ವಿಮೆ ಮಾಡಿಸುತ್ತಾರೆ. ತನ್ನ ಕೆಲಸದಿಂದ ಬೇರೆಯವರಿಗೆ ನಷ್ಟವಾದರೆ ತುಂಬಿಕೊಡಲಿಕ್ಕೆಂದು ಕಂತು ಕಟ್ಟುವ ಮನುಷ್ಯನನ್ನು ನಾನು ನೋಡಿದ್ದು ಅವನೊಬ್ಬನನ್ನೇ. ಆಯುಧ ಪೂಜೆಯ ದಿನ ಡ್ರಿಲ್ಲು, ಏಣಿಗಳ ಸಾಲಿನಲ್ಲಿ ಪಾಲಿಸಿಯನ್ನೂ ಇಟ್ಟು ಕುಂಕುಮ ಹಚ್ಚುತ್ತಿದ್ದ. “ಅದು ಆಯುಧವೇನೋ?” ಎಂದರೆ, “ಎಲ್ಲಕ್ಕಿಂತ ದೊಡ್ಡದು ಅದೇಯ” ಎನ್ನುತ್ತಿದ್ದ.

ಆ ಆಯುಧವನ್ನು ಅವನು ಒಮ್ಮೆ ಪ್ರಯೋಗಿಸಿದ್ದುಂಟು. ಕಿರವತ್ತಿಯ ಡಾಬಾವೊಂದಕ್ಕೆ ಅಲಾರಂ ಕೂರಿಸಿದ್ದ. ಮಾಲೀಕರು ಬಾಕಿ ಕೊಡಲೊಲ್ಲರು. “ಕಳ್ಳ ಬಂದೇ ಇಲ್ಲಲ್ರಿ! ಬರ್ಲಿ, ಅದು ಹೊಯ್ಕೊಳ್ಳಲಿ, ಆಮ್ಯಾಲೆ ರೊಕ್ಕ ಕೊಡ್ತೀನಿ.”

“ಕಳ್ಳನ್ನ ನಾನೇ ಕರ್ಕೊಂಡು ಬರ್ತೇನೆ ಬಿಡಿ” ಎಂದ ಭಾವ ಮರುದಿನ ತಾನೇ ಅಡುಗೆಮನೆಯ ಕಿಟಕಿಯಿಂದ ಇಳಿದ. ಇಳಿದದ್ದು ತುಂಬಿದ ಊಟದ ಹೊತ್ತಿನಲ್ಲಿ! ಸೈರನ್ ಕೂಗಿದ್ದೇ ತಡ, ಸಿಲಿಂಡರ್ ಸಿಡಿಯಿತೆಂದು ಲಾರಿ ಡ್ರೈವರುಗಳೆಲ್ಲ ಎದ್ದು ಓಡಿದರು. ಕೈ ತೊಳೆಯಲಿಲ್ಲ, ಬಿಲ್ಲೂ ಕೊಡಲಿಲ್ಲ.

“ಈಗ ಇವರ ಬಿಲ್ ಯಾರ್ ಕೊಡ್ತಾರ್ರೀ?” ಎಂದು ಮಾಲೀಕರು ತಲೆಗೆ ಕೈ ಹಚ್ಚಿದರೆ, ಭಾವನ ಮುಖ ಅರಳಿತು. ವಿಮೆಗೆ ಕೊನೆಗೂ ಕೆಲಸ ಸಿಕ್ಕಿತ್ತಲ್ಲ! ಕಂಪನಿಗೆ ಬರೆದ. ಹಾನಿಯಾದ ವಸ್ತು ಯಾವುದು, ಈಗ ಎಲ್ಲಿದೆ ಎಂದು ಅವರು ಕೇಳಿದರು. ಇವನು ಪ್ರಾಮಾಣಿಕವಾಗಿ ಉತ್ತರಿಸಿದ: “ರೊಟ್ಟಿ, ಬದನೆಕಾಯಿ ಪಲ್ಯ. ಎರಡೂ ಡ್ರೈವರುಗಳ ಹೊಟ್ಟೆಯಲ್ಲಿರುವುದರಿಂದ ತಪಾಸಣೆಗೆ ಹಾಜರುಪಡಿಸಲಾಗುವುದಿಲ್ಲ.” ಕಂಪನಿಯವರು ದುಡ್ಡು ಕೊಡಲಿಲ್ಲ. ಇವನು ಆ ಬಿಲ್ಲನ್ನೆಲ್ಲ ತನಗೆ ಬರಬೇಕಾದ ಬಾಕಿಯಲ್ಲೇ ಮುರಿದುಕೊಂಡ. ಮಾಲೀಕರು ಉಳಿದದ್ದನ್ನು ಕೊಟ್ಟು, ಊಟ ಹಾಕಿ ಕಳಿಸಿದರು.

ಇಲ್ಲಿಯವರೆಗಿನದನ್ನು ನಾನು ಮದುವೆಮನೆಗಳಲ್ಲಿ ನೂರು ಸಲ ಹೇಳಿ ನಗಿಸಿದ್ದೇನೆ. ಮುಂದಿನದನ್ನು ಹೇಳಿಲ್ಲ.

ಶಿರಸಿಯಲ್ಲಿ ನನ್ನದೊಂದು ಪಾತ್ರೆ ಬಾಡಿಗೆ ಅಂಗಡಿಯಿತ್ತು. ಮದುವೆ, ಮುಂಜಿಗಳಿಗೆ ಹಂಡೆ, ಕೊಪ್ಪರಿಗೆ ಕೊಡುವುದು. ಅದಕ್ಕೂ ಭಾವ ಅಲಾರಂ ಕೂರಿಸಿದ. ನನಗೂ ಕರಾರು ಓದಲು ಬಂದ. “ಭಾವ ಭಾವನ ನಡುವೆ ಎಂತಾ ಕರಾರೋ!” ಎಂದು, ಅವನು ಓದುವುದನ್ನು ಕೇಳದೆಯೇ ರುಜು ಗೀಚಿದೆ. ಅರ್ಧ ದುಡ್ಡು ಕೊಟ್ಟೆ, ಅರ್ಧ ಆಮೇಲೆ ಎಂದೆ.

ದೀಪಾವಳಿ ಬಂತು. ಹಬ್ಬದ ಮುಂಚಿನ ಬೂರೆ ರಾತ್ರಿ ನಮ್ಮಲ್ಲಿ ಹುಡುಗರು ಯಾರ ಹಿತ್ತಲಿನ ಸೌತೆಕಾಯಿ, ಎಳನೀರು ಕದ್ದರೂ ಬೈಯುವಂತಿಲ್ಲ. ಅದು ಸಂಪ್ರದಾಯದ ಕಳ್ಳತನ. ನನ್ನ ಅಂಗಡಿಯ ಹಿಂದೆ, ಹಿಂಬಾಗಿಲಿಗೇ ತಾಗಿ ಸೌತೆಬಳ್ಳಿಯಿತ್ತು; ಬಾಗಿಲು ಅಲುಗಿದರೆ ಸಾಕು, ಅಲಾರಂ ಕೂಗುತ್ತಿತ್ತು. ಸೌತೆಕಾಯಿ ಕೊಯ್ಯಲು ಬಂದ ಹುಡುಗರ ಮೇಲೆ ಸೈರನ್ ಕೂಗಿಸಿದರೆ ಊರು ಮುಂದಿನ ಬೂರೆಯವರೆಗೂ ನಗುವುದಿಲ್ಲವೇ? ಸಂಜೆ ಬಾಗಿಲು ಹಾಕುವಾಗ ಏಣಿ ಹತ್ತಿ, ಅಲಾರಂ ಡಬ್ಬಿಯ ಮುಚ್ಚಳ ತೆಗೆದು, ಒಳಗಿನ ಕೀಲಿ ತಿರುಗಿಸಿ ಅದನ್ನು ಬಂದ್ ಮಾಡಿದೆ.

ಬೆಳಿಗ್ಗೆ ನೋಡಿದರೆ ಸೌತೆಕಾಯಿ ಹೋಗಿತ್ತು. ಸರಿ, ಸಂಪ್ರದಾಯ! ಆದರೆ ಹಿಂಬಾಗಿಲು ಮುರಿದಿತ್ತು, ಎಲ್ಲಕ್ಕಿಂತ ದೊಡ್ಡ ತಾಮ್ರದ ಹಂಡೆಯೂ ಇರಲಿಲ್ಲ. ಹಂಡೆ ಕದಿಯುವ ಸಂಪ್ರದಾಯ ಎಲ್ಲಿಯೂ ಇಲ್ಲ.

ಪೇಟೆಯ ಜನ ಸೇರಿದರು. “ಅಲಾರಂ ಕೂಗಿದ್ದಿಲ್ಯ?” ಎಂದರು. “ಕೂಗ್ಲೇ ಇಲ್ಲೆ” ಎಂದೆ. ಸುಳ್ಳೇನಲ್ಲವಲ್ಲ! ಅಷ್ಟರಲ್ಲಿ ಭಾವ ಬಂದ.

“ಭಾವಾ, ಕೀಲಿ ತಿರುಪಿ ಚಾಲೂ ಮಾಡಿದ್ಯ?”

ನಾಲ್ಕು ಸೌತೆಕಾಯಿಗಾಗಿ ಸೈರನ್ ಕೂಗಿ ಊರು ನಕ್ಕೀತೆಂಬ ಹೆದರಿಕೆಗೆ ಬಂದ್ ಮಾಡಿದೆ ಎಂದು ಅಷ್ಟು ಜನರೆದುರು ಹೇಗೆ ಹೇಳಲಿ? “ಮಾಡಿದ್ದೆ” ಎಂದೆ. ಇದು ಸುಳ್ಳು.

ಅವನು ಏಣಿ ಹತ್ತಿ ಡಬ್ಬಿಯ ಮುಚ್ಚಳ ತೆಗೆದ. ಕೀಲಿಯನ್ನು ಹಿಂದಕ್ಕೆ ತಿರುಗಿಸಿಡಲು ನಾನು ಮರೆತಿದ್ದೆ! ಅವನ ಬೆನ್ನಿನ ಮರೆಯಲ್ಲಿ ಯಾರಿಗೂ ಏನೂ ಕಾಣಲಿಲ್ಲ. ಪಕ್ಕದಲ್ಲಿ ಏಣಿ ಹಿಡಿದು ನಿಂತ ನನಗೆ ಮಾತ್ರ ಕಂಡಿತು. ಒಂದು ಗಳಿಗೆ ಅದನ್ನೇ ನೋಡಿದ. ಮೆಲ್ಲಗೆ ಚಾಲೂ ಕಡೆಗೆ ತಿರುಗಿಸಿ, ಮುಚ್ಚಳ ಹಾಕಿ, ಕೆಳಗಿಳಿದ.

“ವೈರು ಬಿಟ್ಟೋಗಿತ್ತು. ನಂದೇ ತಪ್ಪು.”

ನಾನು ಆಗಲೂ ಬಾಯಿ ಬಿಡಲಿಲ್ಲ. ಬದಲಿಗೆ ಬಾಕಿ ದುಡ್ಡು ಕೊಡುವುದಿಲ್ಲ ಎಂದೆ, ಹಂಡೆಯ ನಷ್ಟ ತುಂಬಿಕೊಡು ಎಂದೆ. ಅವನು ಹೊಸ ಹಂಡೆಯನ್ನೇ ತಂದಿಳಿಸಿದ. “ವಿಮೆಯವು ಕೊಟ್ವ?” ಎಂದು ಕೇಳಿದೆ, ನಾಚಿಕೆಯಿಲ್ಲದೆ.

“ಅವ್ಕೆ ಸುಳ್ಳು ಬರೆಯಲೆ ನಂಗೆ ಬತ್ತಿಲ್ಲೆ ಭಾವಾ. ಖರೆ ಬರೆಯಲೆ ಮನಸ್ಸಿಲ್ಲೆ.”

ಮಾತು ಮೂರೂ ತಾಲೂಕು ಸುತ್ತಿತು. “ಸ್ವಂತ ಭಾವನ ಅಂಗ್ಡೀಲೇ ಕೂಗಿದ್ದಿಲ್ಲೆ, ನಂಗ್ಳಲ್ಲಿ ಕೂಗ್ತು ಹೇಳಿ ಎಂತ ಗ್ಯಾರಂಟಿ?” ಒಪ್ಪಿದ್ದ ಕೆಲಸಗಳು ಒಂದೊಂದಾಗಿ ತಪ್ಪಿದವು. ಅವನು ಬೋರ್ಡು ಇಳಿಸಿ ತ್ಯಾಗಲಿ ಎಂಬ ಹಳ್ಳಿಗೆ ಹೋಗಿ, ಪಂಪ್‌ಸೆಟ್ಟು ರಿಪೇರಿಗೆ ನಿಂತ.

ಕಳೆದ ದೀಪಾವಳಿಗೆ ತಪ್ಪೊಪ್ಪಿಕೊಳ್ಳಲೆಂದೇ ಅವನ ಮನೆಗೆ ಹೋದೆ. ಸೈರನ್ನಿಗೆ ಹಚ್ಚಿ ಹಚ್ಚಿ ಅವನ ಕಿವಿ ಮುಕ್ಕಾಲು ಹೋಗಿದೆ, ಕೂಗಿದರಷ್ಟೇ ಕೇಳುತ್ತದೆ. ಮೆಲ್ಲಗೆ, “ತಪ್ಪಾತು ಭಾವಾ” ಎಂದೆ.

“ಎಂತ?”

ಅಕ್ಕಪಕ್ಕದವರು ಜಗಲಿಯಲ್ಲಿದ್ದರು. “ಎಂತಿಲ್ಲೆ, ಚಾ ಆರ್ತು ಹೇಳ್ದಿ!” ಎಂದು ಕೂಗಿದೆ. ಅವನು ನಗುತ್ತ ಒಳಗೆ ಹೋಗಿ ಬಿಸಿ ಚಹಾ ತಂದುಕೊಟ್ಟ.

ಕೂಗಬೇಕಾದಾಗ ಕೂಗದೇ ಉಳಿದದ್ದು ಆ ಡಬ್ಬಿಯಲ್ಲ, ನಾನು. ಅವನ ಕಿವಿ ಹೋಗಿದೆ, ಕಣ್ಣು ಹೋಗಿಲ್ಲ. ಯಾವ ಕಾಗದವನ್ನೂ ಕೊನೆಯ ಸಾಲಿನವರೆಗೆ ಓದದೆ ಬಿಡುವವನಲ್ಲ. ಅದಕ್ಕೇ ಇಷ್ಟು ಹೊತ್ತು ಹೇಳದ ಹೆಸರನ್ನು ಇಲ್ಲಿ ಇಡುತ್ತಿದ್ದೇನೆ.

ಕೀಲಿ ತಿರುಪಿದ್ದು ಆನು. ತಪ್ಪಾತು, ಸುಬ್ರಾಯ ಭಾವಾ.