ನಮ್ಮ ಮನೆಯ ಗ್ಯಾಸ್ ಪಿಸ್ತೂಲು

ಕೆಲವರ ಮನೆಯಲ್ಲಿ ನಾಯಿ ಬಂದಮೇಲೆ ಕತೆಗಳು ಶುರುವಾಗುತ್ತವೆ, ಕೆಲವರ ಮನೆಯಲ್ಲಿ ಸೊಸೆ ಬಂದಮೇಲೆ. ನಮ್ಮ ಮನೆಗೆ ಸೊಸೆ ಬಂದಾಗ ಏನೂ ಆಗಲಿಲ್ಲ. ಅಂಗೈಯಗಲದ ಒಂದು ಏರ್‌ಸಾಫ್ಟ್ ಪಿಸ್ತೂಲು ಬಂತು ನೋಡಿ, ಆಮೇಲೆ ಒಂದಲ್ಲ ಒಂದು ಆಗುತ್ತಲೇ ಇತ್ತು.

ನಾನು ಕೋಗಿಲಿನವನು. ಏರ್‌ಪೋರ್ಟ್ ಶುರುವಾಗಿ, ಕೋಗಿಲು ಕ್ರಾಸ್‌ನಲ್ಲಿ ರಸ್ತೆ ದಾಟುವುದೇ ಒಂದು ಸಾಹಸವಾದ ಕಾಲದಲ್ಲಿ ಯಲಹಂಕದಲ್ಲಿ ಡ್ರೈವಿಂಗ್ ಸ್ಕೂಲ್ ಇಟ್ಟವನು. ಹಡಗಿನಲ್ಲಿ ಕೆಲಸಕ್ಕಿದ್ದ ಗೆಳೆಯನೊಬ್ಬ ಊರಿಗೆ ಬಂದಾಗ ಇದನ್ನು ತಂದುಕೊಟ್ಟ. ಹೊರಗಿನಿಂದ ನೋಡಿದರೆ ಅಸಲಿ ಪಿಸ್ತೂಲು. ಒಳಗಿರುವುದು ಬಟಾಣಿಗಿಂತ ಚಿಕ್ಕದಾದ ಪ್ಲಾಸ್ಟಿಕ್ ಗುಂಡು.

"ಮಗಾ, ಟೆರೇಸ್ ಮೇಲೆ ಡಬ್ಬ ಇಟ್ಕೊಂಡು ಹೊಡಿ. ಕಣ್ಣಿಗೆ ಕನ್ನಡಕ ಹಾಕ್ಕೋ. ರೋಡಿಗೆ ಮಾತ್ರ ತರ್ಬೇಡ, ಆಟದ್ದು ಅಂತ ಯಾರಿಗೂ ಗೊತ್ತಾಗಲ್ಲ" ಅಂದಿದ್ದ.

ನಿಜ. ಯಾರಿಗೂ ಗೊತ್ತಾಗಲಿಲ್ಲ.

ಸಣ್ಣ ಸಿಲಿಂಡರ್

ಬೆಳಿಗ್ಗೆ ತಿಂಡಿ ತಿನ್ನುತ್ತಾ ಮನೆಯವರಿಗೆಲ್ಲ ತೋರಿಸಿದೆ. "ಇದು ಗ್ಯಾಸ್‌ನಲ್ಲಿ ಕೆಲಸ ಮಾಡುತ್ತೆ" ಅಂದೆ.

ನನ್ನ ಹೆಂಡತಿ ದೋಸೆ ಮಗುಚುತ್ತಿದ್ದವಳು ತಿರುಗಿ, "ಇರೋದು ಒಂದೇ ಸಿಲಿಂಡರ್. ಅದ್ರಲ್ಲಿ ನಿಮ್ಗೆ ಪಾಲು ಕೊಡಲ್ಲ" ಅಂದಳು.

ಅಡುಗೆ ಗ್ಯಾಸ್ ಅಲ್ಲ, ಶೇವಿಂಗ್ ಫೋಮಿನಂಥ ಡಬ್ಬಿಯಲ್ಲಿ ಬರುತ್ತೆ, ಹಿಡಿಕೆಯೊಳಗೆ ತುಂಬೋದು ಅಂತ ವಿವರಿಸಿದೆ. ಹೆಂಡತಿಗೆ ಅರ್ಥವಾಯಿತು. ಪಕ್ಕದಲ್ಲಿ ಕೂತಿದ್ದ ಅವ್ವನಿಗೂ ಆಯಿತು ಅಂದುಕೊಂಡೆ.

ಆ ವಾರ ಸಿಲಿಂಡರಿನವನು ಬಂದ. ನಮ್ಮ ಮನೆ ಮೊದಲನೇ ಮಹಡಿ. ಆತ ಯಾವತ್ತೂ ಗೇಟಿನ ಹತ್ತಿರವೇ ಸಿಲಿಂಡರ್ ಉರುಳಿಸಿ, "ಬೆನ್ನು ನೋವು ಅಮ್ಮಾ" ಅಂತ ಹೋಗಿಬಿಡುತ್ತಿದ್ದ. ಅವತ್ತು ಅವ್ವ ಮೇಲಿನಿಂದ ಬಗ್ಗಿ ಕೇಳಿದಳು: "ಅಪ್ಪಾ, ನನ್ ಮಗನ ಪಿಸ್ತೂಲಿಗೆ ಒಂದು ಸಣ್ ಸಿಲಿಂಡ್ರು ಐತಾ ನಿನ್ತಾವ?"

ಏನು ಗಲಾಟೆ ಅಂತ ನಾನು ಬನಿಯನ್ನಿನಲ್ಲಿ, ಪಿಸ್ತೂಲು ಒರೆಸುತ್ತಾ ಬಾಲ್ಕನಿಗೆ ಬಂದೆ. ಆತ ಒಮ್ಮೆ ಅವ್ವನನ್ನು ನೋಡಿದ, ಒಮ್ಮೆ ನನ್ನನ್ನು ನೋಡಿದ. ಸಿಲಿಂಡರನ್ನು ಹೆಗಲಿಗೇರಿಸಿ ಮೆಟ್ಟಿಲು ಹತ್ತಿ, ಅಡುಗೆಮನೆಯಲ್ಲಿಟ್ಟು, ರೆಗ್ಯುಲೇಟರ್ ಕೂರಿಸಿ, ಒಲೆ ಹಚ್ಚಿ ತೋರಿಸಿ, ಕೈ ಮುಗಿದು ಇಳಿದುಹೋದ.

ಅವತ್ತಿನಿಂದ ನಮ್ಮ ಬೀದಿಯಲ್ಲಿ ಬೆನ್ನು ನೋವಿಲ್ಲದೆ ಸಿಲಿಂಡರ್ ಬರುವುದು ನಮ್ಮ ಮನೆಗೆ ಮಾತ್ರ.

ಚಳಿಗಾಲದ ಕೂಸು

ಟೆರೇಸ್ ಮೇಲೆ ಅವ್ವ ಸಂಡಿಗೆ ಒಣಗಿಸುತ್ತಿದ್ದಳು. ಅದನ್ನು ತಿನ್ನುತ್ತಿದ್ದದ್ದು ಕೋತಿಗಳು. ನಾನು ಪಿಸ್ತೂಲು ಹಿಡಿದು ಹೊರಟೆ.

"ಅನುಮಪ್ಪನಿಗೆ ಒಡೀತೀಯೇನ್ಲಾ?" ಅಂತ ಅವ್ವ ಅಡ್ಡ ನಿಂತಳು. ಕೊನೆಗೆ ಒಪ್ಪಂದವಾಯಿತು: ಕೋತಿಗೆ ಹೊಡೆಯುವಂತಿಲ್ಲ, ಪಕ್ಕದ ತಗಡಿಗೆ ಹೊಡೆದು ಸದ್ದು ಮಾಡಬಹುದು. ಟಣ್ ಅಂದದ್ದೇ ಕೋತಿಗಳೆಲ್ಲ ಓಟ. ಅವ್ವನಿಗೆ ಎಷ್ಟು ಖುಷಿಯಾಯಿತೆಂದರೆ, ಆಮೇಲೆ ಆ ಕೆಲಸ ಅವಳದ್ದೇ. ಕಣ್ಣಿನ ಆಪರೇಷನ್ನಿಗೆ ಕೊಟ್ಟಿದ್ದ ಕಪ್ಪು ಕನ್ನಡಕ ಹಾಕಿಕೊಂಡು ಟೆರೇಸಿನಲ್ಲಿ ಕೂತರೆ, ಕೆಳಗೆ ತರಕಾರಿ ಗಾಡಿಯವನು ತೂಕ ಕೂಡ ಸರಿಯಾಗಿ ಹಾಕುತ್ತಿದ್ದ.

ಡಿಸೆಂಬರ್ ಬಂತು. ಚಳಿಗೆ ಈ ಗ್ಯಾಸ್‌ನ ಒತ್ತಡ ಇಳಿದುಹೋಗುತ್ತದೆ ಅಂತ ನಮಗೇನು ಗೊತ್ತು? ಒಂದು ಬೆಳಿಗ್ಗೆ ಅವ್ವ ಟ್ರಿಗರ್ ಒತ್ತಿದರೆ ಪುಸ್ ಅಂತ ಸದ್ದಾಗಿ, ಗುಂಡು ಉರುಳಿಕೊಂಡು ಹೋಗಿ ಕೋತಿಯ ಕಾಲ ಹತ್ತಿರ ನಿಂತಿತು. ಕೋತಿ ಅದನ್ನೆತ್ತಿ ಕಚ್ಚಿ ನೋಡಿ, ರುಚಿಯಿಲ್ಲ ಅಂತ ವಾಪಸ್ ಎಸೆಯಿತು.

ಚಳಿ ಕಾರಣ ಅಂತ ಗೆಳೆಯ ಫೋನಿನಲ್ಲಿ ಹೇಳಿದ. ಒಲೆ ಹತ್ತಿರ ಮಾತ್ರ ಇಡಬೇಡಿ ಅಂತಲೂ ಎಚ್ಚರಿಸಿದ. ಅವ್ವ ನನ್ನ ಹಳೇ ಉಣ್ಣೆ ಟೋಪಿಯಲ್ಲಿ ಪಿಸ್ತೂಲು ಇಟ್ಟು, ಮೇಲೊಂದು ಶಾಲು ಸುತ್ತಿ, ಬೆಳಗಿನ ಹೊತ್ತು ಮಡಿಲಲ್ಲಿ ಮಲಗಿಸಿಕೊಂಡು ಕೂರತೊಡಗಿದಳು.

ಎದುರುಮನೆಯಾಕೆ ಊರಿಂದ ಬಂದವಳು ಇದನ್ನು ನೋಡಿ, "ಅಯ್ಯೋ, ನಿಮ್ ಸೊಸೆ ಬಸುರಿ ಅಂತಾನೇ ಹೇಳ್ಲಿಲ್ಲ!" ಅಂತ ಓಡಿಬಂದು, ಶಾಲು ಸರಿಸಿ, ಗಲ್ಲ ಮುಟ್ಟಲು ಬೆರಳು ಚಾಚಿದಳು. ಬೆರಳು ಅಲ್ಲೇ ನಿಂತಿತು.

ಅವ್ವ ಪಿಸುಗುಟ್ಟಿದಳು: "ಎದ್ರುಬ್ಯಾಡ ಕಣೇ, ಇನ್ನೂ ಬೆಚ್ಚಗಾಗಿಲ್ಲ."

ಇಪ್ಪತ್ತನೇ ಕ್ಲಾಸು

ಆರ್.ಟಿ. ನಗರದ ಒಬ್ಬ ಮೇಡಮ್ಮು ನನ್ನ ಹತ್ತಿರ ಕಾರು ಕಲಿಯುತ್ತಿದ್ದರು. ಬಹಳ ಒಳ್ಳೆಯವರು, ಬಹಳ ಭಯದವರು. ಗಂಡ ತೀರಿಹೋಗಿದ್ದರು, ಮಗಳನ್ನು ತಾವೇ ಕಾಲೇಜಿಗೆ ಬಿಡಬೇಕು ಅನ್ನುವ ಹಟಕ್ಕೆ ಬರುತ್ತಿದ್ದರು. ಆದರೆ ಹತ್ತೊಂಬತ್ತು ಕ್ಲಾಸಾದರೂ ಎರಡನೇ ಗೇರ್ ದಾಟಿದ್ದೇ ಇಲ್ಲ. ಎದುರಿಗೆ ಹಸು ಬಂದರೂ ಸ್ಟೀರಿಂಗ್ ಬಿಟ್ಟು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. "ಮೇಡಂ, ಕಣ್ಣು ನಾನು ಮುಚ್ಕೋತೀನಿ, ನೀವು ತೆಗ್ದಿರಿ" ಅಂತ ನಾನು ಅಂಗಲಾಚುತ್ತಿದ್ದೆ.

ಆ ದಿನ ಪಿಸ್ತೂಲಿನಿಂದ ಗ್ಯಾಸ್ ಸೋರುತ್ತಿತ್ತು. ಅದನ್ನು ತಂದುಕೊಟ್ಟ ಗೆಳೆಯ ರಜೆಗೆ ಯಶವಂತಪುರದ ಮನೆಗೆ ಬಂದಿದ್ದ. ಕ್ಲಾಸು ಮುಗಿಸಿ ಅವನಿಗೆ ತೋರಿಸೋಣ ಅಂತ ಕಾರಿನ ಡ್ಯಾಶ್‌ಬೋರ್ಡಿನೊಳಗಿಟ್ಟು ಮರೆತಿದ್ದೆ.

ಮೇಡಂ ಕಾರು ಬದಿಗೆ ನಿಲ್ಲಿಸಿ, ಬೆವರು ಒರೆಸಿಕೊಳ್ಳಲು ಟಿಶ್ಯೂ ಕೇಳಿದರು. ನಾನು ಫೋನಿನಲ್ಲಿದ್ದೆ. "ಒಳಗಿದೆ ತಗೊಳ್ಳಿ" ಅಂತ ಕೈ ತೋರಿಸಿದೆ. ಅವರು ಬಾಗಿ ಡ್ಯಾಶ್‌ಬೋರ್ಡ್ ತೆಗೆದರು, ಮೆಲ್ಲಗೆ ಮುಚ್ಚಿದರು, ನೆಟ್ಟಗೆ ಕೂತರು.

ಅಲ್ಲಿಂದ ಶುರುವಾಯಿತು ನೋಡಿ. ಕ್ಲಚ್ಚು ರೇಷ್ಮೆಯ ಹಾಗೆ ಬಿಟ್ಟರು. ಇಂಡಿಕೇಟರ್ ಹಾಕಿದರು, ಕನ್ನಡಿ ನೋಡಿದರು, ಮೂರನೇ ಗೇರು, ನಾಲ್ಕನೇ ಗೇರು. ಹೆಬ್ಬಾಳ ಫ್ಲೈಓವರ್ ಮೇಲೆ ಎರಡು ಬಸ್ಸುಗಳ ನಡುವೆ ಕಾರು ನುಗ್ಗಿಸಿದರು. ನಾನು ಆನಂದಕ್ಕೆ ಚಪ್ಪಾಳೆ ತಟ್ಟಿದೆ.

"ಮೇಡಂ, ಇಷ್ಟು ದಿನ ಎಲ್ಲಿತ್ತು ಈ ಧೈರ್ಯ?" ಅಂದೆ.

ರಸ್ತೆಯಿಂದ ಕಣ್ಣು ತೆಗೆಯದೆ, "ನಂಗೊಬ್ಳು ಮಗಳಿದಾಳೆ ಸಾರ್" ಅಂದರು.

ಅವರ ಮನೆಯ ಮುಂದೆ ನಿಲ್ಲಿಸಿದಮೇಲೆ ಟಿಶ್ಯೂ ಹುಡುಕಲು ಹೋಗಿ ನನಗೇ ವಿಷಯ ಹೊಳೆಯಿತು. ಕೈ ಮುಗಿದು ಎಲ್ಲ ಹೇಳಿದೆ, ಗುಂಡು ತೋರಿಸಿದೆ. ಅವರು ಕಾರಿನಲ್ಲೇ ಕೂತು ಅತ್ತರು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಲೈಸೆನ್ಸು ಮೊದಲ ಸಲಕ್ಕೇ ಸಿಕ್ಕಿತು.

ಮರುತಿಂಗಳು ಅವರ ಭಾವ ಕಲಿಯಲು ಬಂದರು. ಮೇಡಂ ಫೋನ್ ಮಾಡಿ ಹೇಳಿದರು: "ಸಾರ್, ನಮ್ ಭಾವ ಸ್ವಲ್ಪ ಸೋಮಾರಿ. ಅವರಿಗೆ ಮೊದಲ್ನೇ ಕ್ಲಾಸಲ್ಲೇ ತೋರಿಸಿಬಿಡಿ."

ತಿಳಿಸ್ತೀವಿ

ನನ್ನ ತಂಗಿಯನ್ನು ನೋಡಲು ಅನೇಕರು ಬಂದುಹೋಗಿದ್ದರು. ಅವಳಿಗೆ ದಪ್ಪ ಕನ್ನಡಕ, ಎತ್ತರವೂ ಹೆಚ್ಚು. ಬಂದವರೆಲ್ಲ ಕೇಸರಿಬಾತು ತಿಂದು, "ತಿಳಿಸ್ತೀವಿ" ಅಂತ ಹೋಗುವರು. ಒಬ್ಬರೂ ತಿಳಿಸಿದವರಲ್ಲ. ಅವಳು ಮುಖದಲ್ಲಿ ಏನೂ ತೋರಿಸದೆ ತಟ್ಟೆ ತೊಳೆಯಲು ಹೋಗುವಳು. ನೋಡಲು ನನಗೆ ಸಂಕಟ.

ಅಬ್ಬಿಗೆರೆಯಿಂದ ಒಂದು ಸಂಬಂಧ ಬಂತು. ಹಿರಿಯರು ಒಳಗೆ ಮಾತಾಡುತ್ತಿದ್ದಾಗ ನಾನು ಹುಡುಗನನ್ನು ಟೆರೇಸಿಗೆ ಕರೆದೊಯ್ದೆ. ದಾರಕ್ಕೆ ಕಟ್ಟಿದ್ದ ಡಬ್ಬದ ಮುಚ್ಚಳಗಳನ್ನು ನೋಡಿ, "ಏನ್ ಸಾರ್ ಇದು?" ಅಂದ. ಪಿಸ್ತೂಲು ಕೊಟ್ಟೆ. ಆತ ಒಂದು ಕಣ್ಣು ಮುಚ್ಚಿ, ಕಾಲು ಅಗಲಿಸಿ, ಗುಂಡು ಖಾಲಿಯಾಗುವವರೆಗೂ ಹೊಡೆದ. ಮುಚ್ಚಳಗಳು ಗಾಳಿಗೂ ಅಲುಗಲಿಲ್ಲ.

ಕಾಫಿ ತಂದಿದ್ದ ತಂಗಿ ಇದನ್ನು ನೋಡುತ್ತಾ ನಿಂತಿದ್ದಳು. ತಟ್ಟೆ ಕೆಳಗಿಟ್ಟು, ಕನ್ನಡಕ ಸೆರಗಿನಿಂದ ಒರೆಸಿ, ಗುಂಡು ತುಂಬಿಕೊಂಡು ಹೊಡೆದಳು. ಟಣ್. ಟಣ್. ಟಣ್. ಮೆಟ್ಟಿಲ ಮೇಲೆ ಹುಡುಗನ ತಾಯಿ, ಅವರ ಹಿಂದೆ ಅವ್ವ. ಅವ್ವ ಹಣೆ ಚಚ್ಚಿಕೊಂಡಳು.

ಹೊರಡುವಾಗ ಹುಡುಗನ ತಾಯಿ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತರು. "ನಮ್ಮವನು ಆಗ್ಲೇ ಒಪ್ಪಿಬಿಟ್ಟಿದಾನೆ. ನಿಮ್ ಹುಡುಗಿ ಏನಂತಾಳೋ? ನಿಧಾನವಾಗಿ ಯೋಚ್ನೆ ಮಾಡ್ಲಿ, ಬಲವಂತ ಇಲ್ಲಪ್ಪ" ಅಂದರು.

ತಂಗಿ ಒಳಗಿನಿಂದಲೇ ಕೂಗಿದಳು: "ತಿಳಿಸ್ತೀವಿ!"

ಪಾಲಿಶ್

ತಂಗಿ ಮದುವೆಯಾಗಿ ಹೋದಮೇಲಿನ ಮಾತು. ಮಧ್ಯಾಹ್ನ, ಮನೆಯಲ್ಲಿ ಅವ್ವ ಒಬ್ಬಳೇ. ನಾನು ಹೆಬ್ಬಾಳದ ಹತ್ತಿರ ಕ್ಲಾಸಿನಲ್ಲಿದ್ದೆ. ಫೋನು ಬಂತು.

"ಬೇಗ ಬಾ. ಕಳ್ಳ ಸಿಕ್ಕವ್ನೆ, ಕುಂಡ್ರಿಸ್ಕೊಂಡಿವ್ನಿ" ಅಂದವಳೇ ಇಟ್ಟುಬಿಟ್ಟಳು.

ಪಿಸ್ತೂಲಿನಲ್ಲಿ ಗ್ಯಾಸ್ ಖಾಲಿಯಾಗಿ ತಿಂಗಳಾಗಿತ್ತು. ಕಲಿಯುವವನನ್ನು ಪಕ್ಕಕ್ಕೆ ಸರಿಸಿ, ಪೊಲೀಸರಿಗೆ ಫೋನ್ ಮಾಡಿಸಿ, ಟ್ರಾಫಿಕ್ಕಿನಲ್ಲಿ ದಾರಿಯುದ್ದಕ್ಕೂ ಕಂಡ ದೇವರಿಗೆಲ್ಲ ಹರಕೆ ಹೊತ್ತುಕೊಂಡು ಬಂದೆ. ಗೇಟಿನಲ್ಲೇ ಇಬ್ಬರು ಕಾನ್‌ಸ್ಟೇಬಲ್‌ಗಳು ಸಿಕ್ಕರು. ಮೂವರೂ ಮೆಟ್ಟಿಲು ಹತ್ತಿದೆವು. ಒಳಗಿನಿಂದ ಗಸ ಗಸ ಅಂತ ಸದ್ದು.

ಬಚ್ಚಲ ಮುಂದೆ ಒಬ್ಬ ಯುವಕ ಕುಕ್ಕರಗಾಲಲ್ಲಿ ಕೂತು, ಅಜ್ಜಿ ಕಾಲದ ಹಿತ್ತಾಳೆ ಹಂಡೆಯೊಂದನ್ನು ಹುಣಸೆಹಣ್ಣು ಹಚ್ಚಿ ಉಜ್ಜುತ್ತಿದ್ದ. ಸುತ್ತ ದೀಪದ ಕಂಬ, ಬಿಂದಿಗೆ, ಪರಾತ, ಎಲ್ಲ ಫಳಫಳ. ಎದುರಿಗೆ ಕುರ್ಚಿಯಲ್ಲಿ ಕಪ್ಪು ಕನ್ನಡಕ ಹಾಕಿಕೊಂಡ ಅವ್ವ, ಕೈಯಲ್ಲಿ ಪಿಸ್ತೂಲು.

ಒಡವೆ ಫ್ರೀ ಪಾಲಿಶ್ ಮಾಡಿಕೊಡ್ತೀನಿ ಅಂತ ಬಂದವನಂತೆ. ಹಿಂದಿನ ಬೀದಿಯ ಮುದುಕಿಯೊಬ್ಬಳ ಸರ ಇಂಥದೇ ಪಾಲಿಶಿನಲ್ಲಿ ಅರ್ಧ ಕರಗಿಹೋದದ್ದು ಅವ್ವನಿಗೆ ಗೊತ್ತಿತ್ತು. "ಬಳೆ ಬಿಚ್ಕಂಡ್ ಬತ್ತೀನಿ, ಕುಂತ್ಕೊ" ಅಂತ ಒಳಗೆ ಹೋಗಿ ಪಿಸ್ತೂಲು ತಂದಳು.

ಖಾಕಿ ಕಂಡದ್ದೇ ಆತ ಎದ್ದು ಓಡಿಬಂದು ಕಾನ್‌ಸ್ಟೇಬಲ್‌ಗಳ ಕೈ ಹಿಡಿದುಕೊಂಡ. "ಬಂದ್ರಾ ಸಾರ್! ಕರ್ಕೊಂಡು ಹೋಗಿ ಸಾರ್!"

ಹಿರಿಯ ಕಾನ್‌ಸ್ಟೇಬಲ್ ಪಿಸ್ತೂಲು ತೆಗೆದುಕೊಂಡು ನೆಲಕ್ಕೆ ಗುರಿಯಿಟ್ಟು ಒತ್ತಿದರು. ಟಿಕ್ ಅಂತು, ಅಷ್ಟೇ. "ಆಟದ್ದು ಕಣಯ್ಯ ಇದು" ಅಂದರು.

ಆತ ಪಿಸ್ತೂಲು ನೋಡಿದ, ಕಪ್ಪಾದ ತನ್ನ ಕೈ ನೋಡಿಕೊಂಡ, ಹಂಡೆ ನೋಡಿದ. "ಅಜ್ಜೀ, ಹಂಡೆ ಎರಡೆರಡು ಸಲ ತಿಕ್ಸಿದ್ರಲ್ಲಜ್ಜೀ" ಅಂತ ಅಳುವುದೊಂದು ಬಾಕಿ.

ನಾನು ಅವ್ವನ ಕೈ ಹಿಡಿದೆ.

"ಭಯ ಆಗ್ಲಿಲ್ವಾ ಅವ್ವ?"

"ಆಗ್ದೆ ಏನ್ಲಾ? ಸುಮ್ಕೆ ಕುಂಡ್ರಿಸಿದ್ರೆ ಯೋಚ್ನೆ ಮಾಡ್ತಾನೆ, ಎದ್ದು ಮೈಮ್ಯಾಲ್ ಬತ್ತಾನೆ. ಅದ್ಕೇ ಕೈಗೆ ಕೆಲ್ಸ ಕೊಟ್ಟೆ."

ಪಿಸ್ತೂಲು ಮನೆಯೊಳಗೇ ಇರಲಿ, ಹೊರಗೆ ತಂದರೆ ನಿಮ್ಮನ್ನೇ ಸ್ಟೇಷನ್ನಿನಲ್ಲಿ ಕೂರಿಸ್ತೀವಿ ಅಂತ ಪೊಲೀಸರು ನನಗೆ ಬೈದು, ಆತನ ತೋಳು ಹಿಡಿದು ಹೊರಟರು. ಬಾಗಿಲು ದಾಟುವಷ್ಟರಲ್ಲಿ ಅವ್ವ ಕೂಗಿದಳು:

"ತಡೀರಪ್ಪಾ! ಕೊಳಗದ ತಳ ಇನ್ನೂ ಕಪ್ಪಗದೆ. ಅದೊಂದು ಮುಗ್ಸಿ ಕರ್ಕಂಡೋಗ್ರಪ್ಪ!"

ಹಿರಿಯ ಕಾನ್‌ಸ್ಟೇಬಲ್ ಫಳಫಳ ಹೊಳೆಯುತ್ತಿದ್ದ ಹಂಡೆಯನ್ನೊಮ್ಮೆ ನೋಡಿದರು, ಕೊಳಗವನ್ನೊಮ್ಮೆ ನೋಡಿದರು. ಆಮೇಲೆ ಗಡಿಯಾರ ನೋಡಿಕೊಂಡು ಕಳ್ಳನನ್ನೇ ಕೇಳಿದರು:

"ಎಷ್ಟೊತ್ತಾಗುತ್ತೋ?"