ಭಾವ ಓಡಿದರೆ ಬೆನ್ನಟ್ಟಬಾರದು

ನಮ್ಮ ಭಾವ ಯಾವ ಜಗಳದಲ್ಲೂ ಐದು ನಿಮಿಷಕ್ಕಿಂತ ಹೆಚ್ಚು ನಿಂತವರಲ್ಲ. ಓಡಿಹೋಗುತ್ತಿದ್ದರು! ಅಕ್ಕನ ಜೊತೆ ಜಗಳವಾದರೆ ಗರಾಜಿಗೆ, ಮಗಳ ಜೊತೆಯಾದರೆ ಹಿತ್ತಲಿಗೆ, ನನ್ನ ಜೊತೆಯಾದರೆ ಬಟ್ಟೆ ಒಗೆಯುವ ಕೋಣೆಗೆ. ಪುಕ್ಕಲು ಮನುಷ್ಯ ಎಂದುಕೊಂಡಿರಾ? ಹಾಗಾದರೆ ನೀವು ಆಗಲೇ ಸೋತಿರಿ. ಅವರು ಓಡುತ್ತಿದ್ದದ್ದು ಹೆದರಿಕೆಯಿಂದಲ್ಲ, ಸಾವಿರ ವರ್ಷ ಹಿಂದಿನ ಒಂದು ಸೈನ್ಯದ ಕ್ರಮದಂತೆ. ಅವರ ಹಿಂದೆ ಹೋಗಬಾರದೆಂದು ಕಲಿಯಲು ನನಗೆ ಏಳು ವರ್ಷ ಹಿಡಿಯಿತು. ಕಲಿಯದೇ ಇದ್ದಿದ್ದರೆ ಚೆನ್ನಾಗಿತ್ತು.

ಭಾವ ಉಡುಪಿಯ ಕಡೆಯವರು. ಮೆಲ್ಬರ್ನಿನ ವಿಂಡಮ್ ವೇಲ್‌ನಲ್ಲಿ ಮನೆಮನೆಗೆ ಕಾಗದ, ಪಾರ್ಸೆಲ್ಲು ಹಂಚುವ ಕೆಲಸ. ಅದಕ್ಕೊಂದು ಬ್ಯಾಟರಿಯ ಪುಟ್ಟ ಗಾಡಿ. ನಾನು ಊರಿನ ಇನ್ನೊಂದು ತುದಿಯ ಕ್ಲೇಟನ್‌ನಲ್ಲಿ ಓದುವಾಗ ಅವರ ಮನೆಯಲ್ಲೇ ಇದ್ದೆ. ಹೋಗಿ ಬರಲು ದಿನಕ್ಕೆ ನಾಲ್ಕು ಗಂಟೆ ರೈಲು, ಬಸ್ಸು. ಕಾಲೇಜಿನ ಹತ್ತಿರ ರೂಮು ನೋಡುತ್ತೇನೆಂದರೆ, “ಅಕ್ಕನ ಮನೆ ಇರುವಾಗ ರೆಂಟ್ ಕೊಡ್ಲಿಕ್ಕೆ ನಿನ್ನ ಮಂಡೆ ಸರಿ ಉಂಟಾ?” ಎನ್ನುತ್ತಿದ್ದರು.

ಹೀಗಿರುವಾಗ ಪಕ್ಕದ ವೆರಿಬೀಯಲ್ಲಿ ಹಳೇ ಸಾಮಾನು ಮಾರುವ ಒಂದು ಗರಾಜ್ ಸೇಲ್‌ನಿಂದ ಅವರು ದಪ್ಪ ಪುಸ್ತಕವೊಂದನ್ನು ಹೊತ್ತು ತಂದರು. ಮಧ್ಯಯುಗದ ತುರ್ಕ್‌ಮೆನ್ ಕುದುರೆ ಸವಾರರು ಹೇಗೆ ಯುದ್ಧ ಮಾಡುತ್ತಿದ್ದರು ಎಂಬ ಪುಸ್ತಕ. ಭಾವ ಅದುವರೆಗೆ ಕುದುರೆಯನ್ನು ಮುಟ್ಟಿದವರೂ ಅಲ್ಲ! ಆದರೆ ಅಲ್ಲಿಗೆ ಮನೆಯ ನೆಮ್ಮದಿ ಮುಗಿಯಿತು.

ಬೆಳಿಗ್ಗೆ ತಿಂಡಿಯ ತಟ್ಟೆಯೇ ರಣರಂಗ. ನಡುವೆ ನಾಲ್ಕು ಇಡ್ಲಿ, ಸುತ್ತ ಒಂದು ಹಿಡಿ ಕಡಲೆಬೀಜ.

“ನೋಡು ಮಾರಾಯ್ತಿ, ಇಡ್ಲಿಗಳು ಮೈತುಂಬ ಕಬ್ಬಿಣ ಹಾಕ್ಕೊಂಡವ್ರು. ಭಾರ. ಕಡಲೆ ನಮ್ಮವ್ರು. ಹಗುರ, ಕೈಯಲ್ಲಿ ಬಿಲ್ಲು. ಎದುರು ನಿಂತು ಗುದ್ದಾಡ್ಲಿಕ್ಕೆ ಅವ್ರೇನು ಪೆದ್ದರಾ? ಬರ್ತಾರೆ, ಬಾಣ ಬಿಡ್ತಾರೆ, ಸೋತವ್ರ ಹಾಗೆ ಓಡ್ತಾರೆ. ಗೆದ್ದೆವು ಅಂತ ಕಬ್ಬಿಣದವ್ರು ಬೆನ್ನಟ್ತಾರೆ. ಸಾಲು ಒಡೀತಾ? ಕುದುರೆ ದಣೀತಾ? ಆಗ ನಮ್ಮವ್ರು ಜೀನಿನ ಮೇಲೇ ಹಿಂದೆ ತಿರುಗಿ...”

ಕಡಲೆಬೀಜಗಳು ಅರ್ಧಚಂದ್ರವಾಗಿ ಬಂದು ಇಡ್ಲಿಯನ್ನು ಸುತ್ತುವರಿಯುತ್ತಿದ್ದವು.

“ಡ್ಯಾಡ್, ಇಟ್ಸ್ ಜಸ್ಟ್ ಬ್ರೇಕ್‌ಫಸ್ಟ್!” ಎನ್ನುತ್ತಿದ್ದಳು ಮಗಳು.

“ಮೊದ್ಲು ನಿಮ್ಮ ಶತ್ರುಗಳನ್ನು ತಿಂದು ಮುಗಿಸಿ, ಸಾಂಬಾರು ಆರ್ತಾ ಉಂಟು,” ಎನ್ನುತ್ತಿದ್ದಳು ಅಕ್ಕ.

ತಟ್ಟೆಯಲ್ಲೇ ಮುಗಿದಿದ್ದರೆ ಸರಿ. ಒಂದು ದಿನ ನನ್ನ ಮಾವಿನ ಮಿಡಿ ಉಪ್ಪಿನಕಾಯಿಯ ಬಾಟಲಿ ಖಾಲಿಯಾಗಿತ್ತು. ಕಳ್ಳ ಯಾರೆಂದು ಹೇಳಬೇಕೆ? ನಾನು ಬಾಯಿ ತೆರೆದದ್ದೇ ಭಾವ ತಲೆ ತಗ್ಗಿಸಿ ಜಾರಿಕೊಂಡರು. ಗೆದ್ದ ಹುರುಪಿನಲ್ಲಿ ಬೈಯುತ್ತ ಬೆನ್ನಟ್ಟಿದೆ. ಬಟ್ಟೆ ಒಗೆಯುವ ಕೋಣೆಯಲ್ಲಿ ಅವರು ಗಕ್ಕನೆ ತಿರುಗಿ, ಮೆಷೀನಿನಿಂದ ಒಂದೊಂದಾಗಿ ಐದು ಗುಲಾಬಿ ಬಣ್ಣದ ಬನಿಯನ್ ಎತ್ತಿ ತೋರಿಸಿದರು.

“ಉಪ್ಪಿನಕಾಯಿ ವಿಷಯ ಆಮೇಲೆ ಮಾತಾಡುವ. ನಿನ್ನೆ ಇದರೊಳಗೆ ಕೆಂಪು ದುಪಟ್ಟಾ ಹಾಕಿದ್ದು ಯಾರು ಮಾರಾಯ್ತಿ?”

ಕಬ್ಬಿಣದವಳು ಅಲ್ಲೇ ಕುಸಿದಳು.

ಈ ಯುದ್ಧಕ್ರಮ ಒಮ್ಮೆ ಮಾತ್ರ ಸೋತದ್ದು, ಸೋಫಾ ಅಂಗಡಿಯಲ್ಲಿ. ರೇಟು ಇಳಿಸದಿದ್ದರೆ ಬೇಡ ಎಂದು ಭಾವ ಸರಸರನೆ ಹೊರಗೆ ನಡೆದರು. ಅಂಗಡಿಯವನು ಓಡಿ ಬರುತ್ತಾನೆಂದು ಕಾರಿನಲ್ಲಿ ಕುಳಿತು ಕನ್ನಡಿಯಲ್ಲಿ ಹಿಂದೆ ನೋಡತೊಡಗಿದರು. ಇಪ್ಪತ್ತು ನಿಮಿಷ! ಯಾರೂ ಬರಲಿಲ್ಲ.

“ಯಾರೂ ಹಿಂದೆ ಬಾರದಿದ್ರೆ ಏನು ಮಾಡ್ಬೇಕು ಅಂತ ಪುಸ್ತಕದಲ್ಲಿಲ್ವಾ ಭಾವ?” ಎಂದೆ.

“ಬಾರದಿದ್ರೆ ಎಂತ ಮಾಡುದು? ಓಡಿದವ ಓಡಿದ ಹಾಗೇ,” ಎಂದರು. ಆಗ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ.

ಪ್ರತಿ ವಸಂತದಲ್ಲೂ ಮ್ಯಾಗ್‌ಪೈ ಹಕ್ಕಿಗಳು ಮರಿ ಕಾಯುತ್ತ ದಾರಿಹೋಕರ ತಲೆಗೆ ಎರಗುತ್ತವಲ್ಲ, ಆ ಕಾಲದಲ್ಲಿ ಅಂಚೆ ಹಂಚುವವರೆಲ್ಲ ದಾರಿ ಬದಲಿಸುತ್ತಾರೆ. ಭಾವ ಮಾತ್ರ ಒಂದು ದಿನ ಕಿವಿಯಲ್ಲಿ ರಕ್ತ, ಮುಖದಲ್ಲಿ ಪರಮಾನಂದ ಹೊತ್ತು ಮನೆಗೆ ಬಂದರು. “ಹಿಂದಿನಿಂದ ಬಂತು, ತಿರುಗುವಾಗ ಓಡಿತು! ಬೆನ್ನಟ್ಟಿದೆ, ಮರದಿಂದ ಇನ್ನೊಂದು ಬಂತು! ಪಕ್ಕಾ ತುರ್ಕ್‌ಮೆನ್!” ಮರುದಿನವೂ ಅದೇ ದಾರಿಯಲ್ಲಿ ಹೋದರು. ಹಕ್ಕಿಗೆ ಗೌರವ ಸಲ್ಲಿಸಲು ಇರಬೇಕು.

ಓದು ಮುಗಿದು, ಇಲ್ಲೇ ನೆಲೆಸಲು ಪಿಆರ್ ಸಿಕ್ಕಿ, ಕೆಲಸ ಹಿಡಿದು ನಾನು ಸಿಡ್ನಿಗೆ ಬಂದೆ. ಮಾರ್ಟ್‌ಗೇಜ್ ಸಾಲ ಮಾಡಿ ಸಣ್ಣದೊಂದು ಮನೆ ಕೊಂಡೆ. ಗೃಹಪ್ರವೇಶಕ್ಕೆ ಅಕ್ಕ ಭಾವ ಇಬ್ಬರೇ ಹಿಂದಿನ ದಿನ ಒಂಬತ್ತು ಗಂಟೆ ಕಾರು ಓಡಿಸಿಕೊಂಡು ಬಂದರು. ಊಟದ ಹೊತ್ತಿಗೆ ಭಾವ ನನ್ನ ಆಫೀಸಿನವರ ನಡುವೆ ಕುಳಿತು ಹೋಳಿಗೆಯನ್ನು ಬೆಟ್ಟ ಮಾಡಿ, ದ್ರಾಕ್ಷಿ ಗೋಡಂಬಿಗಳನ್ನು ಓಡಿಸುತ್ತಿದ್ದರು. ಎಲ್ಲರೂ ನಗುತ್ತಿದ್ದರು. ನನ್ನ ಮ್ಯಾನೇಜರ್ ಹುಬ್ಬೇರಿಸಿ ನನ್ನತ್ತ ನೋಡಿದಳು. ನನಗೆ ಎಲ್ಲಿಲ್ಲದ ನಾಚಿಕೆ ಬಂತು.

“ಸಾಕು ಭಾವ. ಇವ್ರೆಲ್ಲ ನಗ್ತಿರೋದು ಕಥೆ ಕೇಳಿ ಅಲ್ಲ, ನಿಮ್ಮನ್ನು ನೋಡಿ.”

ಕನ್ನಡ ಬರುವವರು ತಮ್ಮ ತಮ್ಮ ತಟ್ಟೆ ನೋಡತೊಡಗಿದರು. ಭಾವ ಗೋಡಂಬಿಯನ್ನು ಮೆಲ್ಲಗೆ ತಟ್ಟೆಗೆ ಹಾಕಿದರು. “ಹೌದಾ?” ಎಂದು ನಕ್ಕರು. ಕೈ ತೊಳೆದರು. ಸ್ವಲ್ಪ ಹೊತ್ತಿಗೆ ಕಾರಿನ ಕೀ ಹಿಡಿದು, ಅಕ್ಕನನ್ನು ಕರೆದುಕೊಂಡು ಹೊರಟರು. ಎರಡು ದಿನ ಇರಲು ಬಂದವರು.

ನಾನು ಬಾಗಿಲವರೆಗೂ ಹೋಗಲಿಲ್ಲ. ಯಾಕೆ ಹೋಗಲಿ? ಇದು ಅವರ ಹಳೆಯ ಆಟ, ಗೇಟಿನ ಹತ್ತಿರ ತಿರುಗಿ ಏನೋ ಒಂದು ಬಿಟ್ಟೇ ಬಿಡುತ್ತಾರೆ ಎಂದುಕೊಂಡೆ. ಬಾಣ ಬರಲಿಲ್ಲ. ವಾರ ಕಳೆಯಿತು. ಫೋನು ಮಾಡಿದರೆ ನಾನು ಸಾಲು ಬಿಟ್ಟು ಹೊರಗೆ ಬಂದಂತೆ. ಬರಬಾರದೆಂದು ಅವರೇ ಕಲಿಸಿದ್ದರಲ್ಲ! ಅಕ್ಕ ಫೋನು ಮಾಡಿದಾಗ ಹಿಂದೆ ಅವರ ಕೆಮ್ಮು ಕೇಳುತ್ತಿತ್ತು. ಭಾವನಿಗೆ ಕೊಡು ಎನ್ನಲಿಲ್ಲ. ಅವರೂ ಕೇಳಲಿಲ್ಲ. ಹೀಗೇ ಐದು ತಿಂಗಳು ನಾನು ನನ್ನ ಸಾಲನ್ನು ಜೋಪಾನವಾಗಿ ಕಾಯ್ದುಕೊಂಡೆ.

ಆಮೇಲೊಂದು ಬೆಳಿಗ್ಗೆ, ಕಾಗದ ಹಂಚುತ್ತಿರುವಾಗಲೇ, ಯಾರದೋ ಗೇಟಿನ ಮುಂದೆ ಭಾವನ ಎದೆಬಡಿತ ನಿಂತಿತು.

ಎಲ್ಲ ಕಾರ್ಯ ಮುಗಿದು ನೆಂಟರು ಹೋದ ಮೇಲೆ, ಅಕ್ಕ ಮತ್ತು ನಾನು, ಕೊನೆಗೆ ಅವಳೇ ಪೂರ್ತಿ ರೇಟು ಕೊಟ್ಟು ತಂದಿದ್ದ ಆ ಸೋಫಾದ ಮೇಲೆ ಕುಳಿತಿದ್ದೆವು. ಗೃಹಪ್ರವೇಶದ ದಿನ ದಾರಿಯಲ್ಲಿ ಭಾವ ನನಗೆ ತುಂಬ ಬೈದರಾ ಎಂದು ಕೇಳಿದೆ.

“ಬೈಲಿಲ್ಲ. ಎರಡು ಗಂಟೆ ದಾರಿ ಬಂದ ಮೇಲೆ, ಗೋಲ್ಬರ್ನಿನ ಹತ್ತಿರ ಪೆಟ್ರೋಲ್ ಬಂಕಲ್ಲಿ ನಿಲ್ಸಿದ್ರು. ಒಂದೂವರೆ ಗಂಟೆ ಅಲ್ಲೇ. ಕನ್ನಡಿಯಲ್ಲಿ ಹಿಂದೆ ನೋಡ್ತಾ ಕೂತ್ರು. ಕತ್ತಲಾಗ್ತದೆ ಹೋಗುವ ಅಂದ್ರೆ, ‘ತಡಿ, ಬರ್ತಾಳೆ’ ಅಂದ್ರು. ಒಳಗೆ ಹೋಗಿ ಮೂರು ಟೀ ತಂದ್ರು.”

“ಮೂರಾ?”

“ಮೂರು. ನಿಂದು ಆರಿ ತಣ್ಣಗಾಯ್ತು. ಚೆಲ್ಲಿ ಅಂದೆ, ಕೇಳ್ಲಿಲ್ಲ. ಮುಚ್ಚಳ ಗಟ್ಟಿ ಮಾಡಿ, ಮನೆಯವರೆಗೂ ಹಾಗೇ ಇಟ್ಕೊಂಡು ಬಂದ್ರು.”